ಗೊತ್ತಿದ್ದೇ ಬಡಿಸಿದ ವಾಫಲ್

ಯಾವ ಪಾತ್ರೆಯ ಹಿಟ್ಟಿಗೆ ಮೊಟ್ಟೆ ಬಿದ್ದಿದೆ, ಯಾವುದಕ್ಕೆ ಬಿದ್ದಿಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮೊಟ್ಟೆ ಹಾಕಿದ್ದನ್ನು ಬಡಿಸಿದೆ. ಆಮೇಲೆ ಆ ತಪ್ಪನ್ನು ಜುಲೇಖಾಳ ತಲೆಗೆ ಕಟ್ಟಿದೆ.

ಇದನ್ನು ಹೀಗೆ ನೇರವಾಗಿ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಕೂತಾಗಲೆಲ್ಲ ಮೊದಲು ಬರುತ್ತಿದ್ದದ್ದು ಕಾರಣಗಳು — ನಾದಿನಿಯ ಮದುವೆ, ಅತ್ತೆಯ ಚಿಂತೆ, ಕೈಕೊಟ್ಟ ಕರೆಂಟು. ಕಾರಣಗಳನ್ನು ಬರೆದು ಮುಗಿಸುವಷ್ಟರಲ್ಲಿ ತಪ್ಪು ಎಷ್ಟು ಚಿಕ್ಕದಾಗಿ ಕಾಣುತ್ತಿತ್ತೆಂದರೆ, ಹೇಳುವುದೇ ಬೇಡವೇನೋ ಅನ್ನಿಸಿ ಎದ್ದುಬಿಡುತ್ತಿದ್ದೆ. ಅದಕ್ಕೇ ಈ ಸಲ ತಪ್ಪನ್ನು ಮೊದಲು ಬರೆದಿದ್ದೇನೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದ ಕಾಲ. ಕೊಪ್ಪದಲ್ಲಿ ನಮ್ಮದು ಬಾಡಿಗೆ ಮನೆ. ಒಂದೇ ಮಾಡಿನ ಕೆಳಗೆ ನಡುಗೋಡೆ ಎಬ್ಬಿಸಿ ಎರಡು ಮಾಡಿದ್ದು. ಈಚೆ ನಾವು — ನಾನು, ನಮ್ಮನೆಯವರು, ಅತ್ತೆ, ನಾದಿನಿ ಸುಮಾ. ಆಚೆ ಜುಲೇಖಾ, ಅವಳ ಗಂಡ ಹಮೀದಣ್ಣ, ಇಬ್ಬರು ಮಕ್ಕಳು. ಹಮೀದಣ್ಣನಿಗೆ ಪೇಟೆಯಲ್ಲಿ ಚಪ್ಪಲಿ ಅಂಗಡಿ. ಜುಲೇಖಾ ಮನೆಯಲ್ಲೇ ಹುಟ್ಟುಹಬ್ಬದ ಕೇಕು ಮಾಡಿ ಕೊಡುತ್ತಿದ್ದಳು. ಮೊಟ್ಟೆ ತಿನ್ನದ ಮನೆಯವರ ಕೇಕಿಗೆ ಅವಳ ಹತ್ತಿರ ಬೇರೆಯೇ ಪಾತ್ರೆ, ಬೇರೆಯೇ ತಟ್ಟೆ, ಬೇರೆಯೇ ಚಮಚ. ಅವನ್ನು ಅಟ್ಟದ ಮೇಲೆ ಬಟ್ಟೆ ಸುತ್ತಿ ಇಡುತ್ತಿದ್ದಳು. "ನಂಬಿ ಹೇಳಿರ್ತಾರಲ್ಲ ಶೈಲಕ್ಕ," ಎನ್ನುತ್ತಿದ್ದಳು. ಊರಲ್ಲಿ ಮಕ್ಕಳಿಗೆ ಅವಳ ಕೇಕು ತರಿಸದ ಮನೆ ನಮ್ಮ ಬೀದಿಯಲ್ಲಂತೂ ಇರಲಿಲ್ಲ.

ಹಿತ್ತಿಲ ಕಡೆ ಎರಡು ಮನೆಗೂ ನಡುವೆ ಸೊಂಟದೆತ್ತರದ ಗೋಡೆ. ನಮ್ಮಿಬ್ಬರ ಸ್ನೇಹವೆಲ್ಲ ಬೆಳೆದದ್ದು ಅಲ್ಲಿ. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ನಾನು ಆಚೆ ಹೋಗುತ್ತಿದ್ದೆ. ಹೋಗಿ — ಇದನ್ನೂ ಹೇಳಿಬಿಡುತ್ತೇನೆ — ಅವಳ ಮನೆಯ ಕೇಕು ತಿನ್ನುತ್ತಿದ್ದೆ. ಮೊಟ್ಟೆ ಹಾಕಿದ್ದನ್ನೇ. ಬೇಡ ಅಕ್ಕ, ನಿಮ್ಮತ್ತೆಗೆ ಗೊತ್ತಾದ್ರೆ ನಂಗೆ ಬೈತಾರೆ ಎಂದು ಅವಳೇ ಹೆದರುತ್ತಿದ್ದಳು. ನಾನು ನಗುತ್ತಿದ್ದೆ. ಬಾಯಿ ತೊಳೆದು, ಏಲಕ್ಕಿ ಜಗಿದು ಮನೆಗೆ ಬರುತ್ತಿದ್ದೆ. ಅದರಲ್ಲಿ ನನಗೆ ತಪ್ಪೇನೂ ಕಾಣುತ್ತಿರಲಿಲ್ಲ. ಈಗಲೂ ತಿಂದದ್ದು ತಪ್ಪು ಅನ್ನಿಸುವುದಿಲ್ಲ. ಆದರೆ ತಿನ್ನದವರನ್ನು ಕಂಡರೆ ಒಳಗೊಳಗೇ ಒಂದು ತಾತ್ಸಾರ ಬೆಳೆದಿತ್ತು ನನಗೆ — ಏನು ಮಹಾ, ಗೊತ್ತಾಗದಿದ್ದರೆ ಎಲ್ಲರೂ ತಿನ್ನುವವರೇ ಎಂದು. ಆ ತಾತ್ಸಾರ ಒಂದು ದಿನ ಯಾರನ್ನು ಸುಡುತ್ತದೆಂದು...

ಆ ವರ್ಷ ಜುಲೇಖಾಳ ಅಣ್ಣ ದುಬೈಯಿಂದ ಒಂದು ಮಿಷನ್ ತಂದುಕೊಟ್ಟ. ಪುಸ್ತಕದ ಹಾಗೆ ತೆರೆದು ಮುಚ್ಚುವುದು. ಒಳಗೆ ಕಾವಲಿ, ಕಾವಲಿಯ ತುಂಬ ಚೌಕ ಚೌಕ ಉಬ್ಬು. ಹಿಟ್ಟು ಹುಯ್ದು ಮುಚ್ಚಿದರೆ ಜೇನುಗೂಡಿನಂಥ ಗುಳಿಗಳಿರುವ ದಪ್ಪ ರೊಟ್ಟಿ ಬರುತ್ತದೆ. ದೋಸೆಯೂ ಅಲ್ಲ, ಕೇಕೂ ಅಲ್ಲ. ವಾಫಲ್ ಎನ್ನುತ್ತಾರಂತೆ. ಅದರ ಪಿನ್ನು ನಮ್ಮ ಗೋಡೆಯ ಯಾವ ತೂತಿಗೂ ಹೊಂದದೆ, ಹಮೀದಣ್ಣ ಶಿವಮೊಗ್ಗಕ್ಕೆ ಹೋದಾಗ ಅಡಾಪ್ಟರ್ ಹುಡುಕಿ ತಂದರು.

ಅದರಲ್ಲಿ ಚಾಕೊಲೇಟ್ ವಾಫಲ್ ಮಾಡುವುದನ್ನು ಜುಲೇಖಾ ತನ್ನ ಅತ್ತಿಗೆಯಿಂದ ಫೋನಿನಲ್ಲಿ ಕೇಳಿ ಕಲಿತಳು. ಮೈದಾ, ಸಕ್ಕರೆ, ಕಹಿ ಇರುವ ಕೋಕೋ ಪುಡಿ, ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. ಕರಗಿಸಿದ ಬೆಣ್ಣೆ, ಹಾಲು, ಮೊಟ್ಟೆಯ ಹಳದಿ. ಬಿಳಿಯನ್ನು ಬೇರೆ ಇಟ್ಟು, ಬೋಗುಣಿ ಬೋರಲು ಮಾಡಿದರೂ ಬೀಳದಷ್ಟು ಗಟ್ಟಿ ನೊರೆ ಬರುವ ತನಕ ಕಡೆದು, ಕೊನೆಗೆ ಮೆಲ್ಲಗೆ ಹಿಟ್ಟಿಗೆ ಸೇರಿಸಬೇಕು — ನೊರೆ ಒಡೆಯಬಾರದು. ಅದರ ಮೇಲೆ ಚಾಕೊಲೇಟನ್ನು ಚೂರು ಚೂರು ಕತ್ತರಿಸಿ ಹಾಕುವುದು. ಮಿಷನ್ನಿನ ಬದಿಯಿಂದ ಹಬೆ ಬರುವುದು ನಿಂತಾಗ ತೆಗೆದರೆ ಹೊರಗೆ ಗರಿ, ಒಳಗೆ ಹತ್ತಿ. ಕತ್ತರಿಸಿದ ಚೂರುಗಳು ಅಲ್ಲಲ್ಲಿ ಕರಗಿ ಕಪ್ಪು ಮಡುವಿನಂತೆ ನಿಂತಿರುತ್ತಿದ್ದವು. ಕಾಯಿಸಿದ ಕೆನೆಗೆ ಚಾಕೊಲೇಟ್ ಕಲಸಿ ಮೇಲೆ ಸುರಿದರೆ ಗುಳಿಗಳೆಲ್ಲ ತುಂಬಿಕೊಳ್ಳುತ್ತಿದ್ದವು. ಮೊದಲ ದಿನ ನಾವಿಬ್ಬರೂ ಅಡಿಗೆಮನೆಯ ನೆಲದ ಮೇಲೇ ಕೂತು, ಕೈಬೆರಳೆಲ್ಲ ಬಳಿದುಕೊಂಡು ತಿಂದೆವು. ಅಷ್ಟು ನಕ್ಕದ್ದು ನಾನು ಮತ್ತೆ ಯಾವತ್ತೂ ಇಲ್ಲ.

ಅತ್ತೆಗೂ ಇದರ ರುಚಿ ತೋರಿಸಬೇಕೆಂದು ಮೊಟ್ಟೆ ಇಲ್ಲದೆ ಮಾಡುವ ದಾರಿ ಹುಡುಕಿದವಳೂ ಅವಳೇ. ಮೊಟ್ಟೆಯ ಬದಲು ಮೊಸರು, ಸ್ವಲ್ಪ ಅಡಿಗೆ ಸೋಡಾ. ಚಾಕೊಲೇಟ್ ಚೂರು ಹಾಕಿದರೆ ಕಾವಲಿಗೆ ಹಿಡಿಯುತ್ತದೆಂದು ಅದಕ್ಕೆ ಬರೀ ಕೋಕೋ. ಬಣ್ಣ ಕೊಂಚ ಮಂಕು, ಮೈ ಕೊಂಚ ಮೆತ್ತಗೆ. ಕಾವಲಿ ಚೆನ್ನಾಗಿ ಕಾಯದಿದ್ದರೆ ಎರಡು ಹೋಳಾಗಿ ಹರಿದು ಅಂಟಿಕೊಳ್ಳುತ್ತಿತ್ತು. ಕಾದರೆ ಮಾತ್ರ ಚೆನ್ನಾಗಿಯೇ ಬರುತ್ತಿತ್ತು. ನಮ್ಮ ಹಿಂದಿನ ಜಗಲಿಯಲ್ಲಿ, ನಮ್ಮ ಪಾತ್ರೆಯಲ್ಲಿ, ನಮ್ಮ ಹಾಲು ಮೊಸರಿನಲ್ಲಿ ನಾನೇ ಕಲಸಿದ್ದು ಎಂದಮೇಲೆ ಅತ್ತೆಯೂ ತಿಂದರು. "ಚೆಂದ ಉಂಟು ಮಾರಾಯ್ತಿ," ಎಂದು ಗೋಡೆಯಾಚೆಗೆ ಕೂಗಿ ಹೇಳಿದರು. ಜುಲೇಖಾಳ ಮುಖ ಅರಳಿತ್ತು.

ಸುಮಾಳನ್ನು ನೋಡಲು ಗಂಡಿನ ಕಡೆಯವರು ಬರುವುದು ಗೊತ್ತಾದದ್ದು ಇದಾದ ಸ್ವಲ್ಪ ದಿನಕ್ಕೆ. ಅದಕ್ಕೆ ಮುಂಚೆ ಬಂದವರೆಲ್ಲ ಉಪ್ಪಿಟ್ಟು ಕೇಸರಿಬಾತು ತಿಂದು, ತಿಳಿಸ್ತೇವೆ ಎಂದು ಹೋದವರೇ. ಸುಮಾ ಕನ್ನಡಿಯ ಮುಂದೆ ನಿಲ್ಲುವುದನ್ನೇ ಬಿಟ್ಟಿದ್ದಳು. ಈ ಸಲ ನೆಮ್ಮಾರ್ ಕಡೆಯ ಮನೆತನ. ಹುಡುಗನಿಗೆ ಶೃಂಗೇರಿ ಪೇಟೆಯಲ್ಲಿ ಔಷಧಿ ಅಂಗಡಿ, ಅವನ ತಂದೆ ವೇದಪಾಠ ಹೇಳುವವರು. ಊಟಕ್ಕೆ ಬೇರೆಡೆ ಹೋಗಲಿಕ್ಕಿದೆ, ಪೂಜೆ ಮುಗಿಸಿ ಹತ್ತೂವರೆ ಹನ್ನೊಂದಕ್ಕೆ ಬಂದು ಹೋಗುತ್ತೇವೆ, ಹಗುರವಾಗಿ ಏನಾದರೂ ಸಾಕು ಎಂದು ಹೇಳಿ ಕಳಿಸಿದ್ದರು.

ನಾನು ವಾಫಲ್ ಮಾಡುತ್ತೇನೆಂದೆ. ಕೇಸರಿಬಾತಿನಿಂದ ಒಲಿಯದ ಅದೃಷ್ಟ ಇದರಿಂದ ಒಲಿಯಲಿ ಎಂದು ಸುಮಾಳಿಗೆ ತಮಾಷೆ ಮಾಡಿದೆ. ನಿಜ ಹೇಳಬೇಕೆಂದರೆ ನನಗೆ ಹೊಗಳಿಸಿಕೊಳ್ಳಬೇಕಿತ್ತು. ಇಂಥ ಸೊಸೆ ಇರುವ ಮನೆ ಎಂದು ಅನ್ನಿಸಿಕೊಳ್ಳಬೇಕಿತ್ತು.

ಆ ದಿನ ಬೆಳಿಗ್ಗೆ ಜುಲೇಖಾ ಗೋಡೆಯ ಮೇಲಿಂದ ಮಿಷನ್ ದಾಟಿಸಿದಳು. ಉಜ್ಜಿ ಉಜ್ಜಿ ತೊಳೆದು, ಒರೆಸಿ ತಂದಿದ್ದಳು. ನಾನು ನಮ್ಮ ಸ್ಟೀಲು ಪಾತ್ರೆಯಲ್ಲಿ ಮೊಸರಿನ ಹಿಟ್ಟು ಕಲಸಿದೆ. ಅವಳು ಗೋಡೆಯಾಚೆ ನಿಂತು ಹದ ಹೇಳಿದಳು. ನೆಂಟರು ಹೋದ ಮೇಲೆ ತನ್ನ ಮಕ್ಕಳಿಗೆ ಮಾಡುವ ಎಂದು ಅವಳ ಮನೆಯಲ್ಲಿ ಅವಳದ್ದೂ ಹಿಟ್ಟು ಕಲಸಿ, ನೀಲಿ ಪ್ಲಾಸ್ಟಿಕ್ ಬೋಗುಣಿಯಲ್ಲಿ ತಂದು ಜಗಲಿಯ ಮೂಲೆಯಲ್ಲಿ ಮುಚ್ಚಿಟ್ಟಳು. ಹೋಗುವ ಮುಂಚೆ ಎರಡೆರಡು ಸಲ ಹೇಳಿದಳು:

"ಶೈಲಕ್ಕ, ಸ್ಟೀಲಿಂದು ನಿಮ್ದು. ನೀಲಿದಕ್ಕೆ ಮೊಟ್ಟೆ ಬಿದ್ದಿದೆ, ಗೊತ್ತುಂಟಲ್ಲ? ಮೊದ್ಲು ನಿಮ್ದು ಪೂರಾ ಮುಗಿಸಿ. ನಂದು ಮುಟ್ಟೋದೇ ಬೇಡ, ನಾನೇ ಬರ್ತೇನೆ ಆಮೇಲೆ."

"ಹೌದು ಮಾರಾಯ್ತಿ, ನಾನೇನು ಚಿಕ್ಕ ಮಗುವಾ?" ಎಂದೆ.

ನೆಂಟರು ಬಂದರು. ಅತ್ತೆ, ನಮ್ಮನೆಯವರು ಅವರೊಡನೆ ನಡುಮನೆಯಲ್ಲಿ ಮಾತಿಗೆ ಕೂತರು. ಸುಮಾ ಕೋಣೆಯಲ್ಲಿ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. ಜಗಲಿಯಲ್ಲಿ ನಾನೊಬ್ಬಳೇ. ಕರೆಂಟು ಮಂಕಾಗಿತ್ತು, ಬಲ್ಬು ಕೆಂಪಗೆ ಉರಿಯುತ್ತಿತ್ತು. ಮೊದಲನೆಯದು ಹರಿಯಿತು. ಎರಡನೆಯದು ಹರಿಯಿತು. ಮೂರನೆಯದನ್ನು ಚಾಕುವಿನಿಂದ ಕೆರೆದು ತೆಗೆದೆ. ಹಿಟ್ಟು ಅರ್ಧಕ್ಕೆ ಬಂತು. ಒಳಗಿನಿಂದ ನಮ್ಮನೆಯವರು, "ಶೈಲಾ, ಆಯ್ತಾ?" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಆದರೂ ಕೆರೆದ ಚೂರುಗಳನ್ನು ಅವಸರದಲ್ಲಿ ಬದಿಗೆ ತಳ್ಳಿದೆ.

ಆಗ ಬಲ್ಬು ಬೆಳ್ಳಗಾಯಿತು. ಕಾವಲಿ ಕಾಯತೊಡಗಿತು. ಸ್ವಲ್ಪ ಕಾದಿದ್ದರೆ — ಎರಡು ನಿಮಿಷವೋ, ಮೂರು ನಿಮಿಷವೋ — ನನ್ನ ಹಿಟ್ಟೇ ಸರಿಯಾಗಿ ಏಳುತ್ತಿತ್ತು. ಇದು ನನಗೆ ಆಗಲೂ ಗೊತ್ತಿತ್ತು. ಕಾಯಲಿಲ್ಲ. ನೀಲಿ ಬೋಗುಣಿಯ ಮುಚ್ಚಳ ತೆಗೆದೆ. ಒಂದು ಸೌಟು ಹುಯ್ದೆ.

ಎಷ್ಟು ಚೆಂದ ಬಂತೆಂದರೆ! ಅಂಚು ಹರಿಯದೆ, ಗುಳಿ ಮುರಿಯದೆ, ಕಪ್ಪಗೆ ಹೊಳೆಯುತ್ತ. ಯಾರಿಗೆ ಗೊತ್ತಾಗುತ್ತದೆ, ಅನ್ನಿಸಿತು. ತಿಂದರೆ ಏನಾಗುತ್ತದೆ, ನಾನು ತಿಂದು ಸತ್ತಿದ್ದೇನಾ, ಅನ್ನಿಸಿತು. ಒಂದರ ಹಿಂದೆ ಒಂದು ಮಾಡಿದೆ. ಮೇಲೆ ಚಾಕೊಲೇಟ್ ಕೆನೆ ಸುರಿದು ತಟ್ಟೆಗಳನ್ನು ಸುಮಾಳ ಕೈಗೆ ಕೊಟ್ಟೆ — ಏನೂ ಅರಿಯದ ಆ ಹುಡುಗಿಯ ಕೈಗೆ.

ಎಲ್ಲರೂ ತಿಂದರು. ಅತ್ತೆ ತಿಂದರು. ಹುಡುಗ ನಾಚಿಕೆ ಬಿಟ್ಟು ಇನ್ನೊಂದು ಕೇಳಿದ. ಅವನ ತಂದೆ ನಿಧಾನವಾಗಿ, ಕಣ್ಣುಮುಚ್ಚಿ ತಿಂದು, "ಇಂಥದ್ದು ನಾನು ತಿಂದಿರಲಿಲ್ಲಮ್ಮ. ಎಲ್ಲಿ ಕಲಿತೆ?" ಎಂದರು. ಟಿ.ವಿ. ನೋಡಿ ಕಲಿತದ್ದು ಎಂದೆ. ಜುಲೇಖಾಳ ಹೆಸರು ಹೇಳಲಿಲ್ಲ. ಹೊಗಳಿಕೆಯಲ್ಲಿ ಅವಳಿಗೆ ಪಾಲು ಕೊಡದವಳು ನಾನು.

ಹುಡುಗನ ತಾಯಿ ನನ್ನೊಡನೆ ಮಾತಾಡುತ್ತ ಮಾತಾಡುತ್ತ ತಟ್ಟೆ ಹಿಡಿದುಕೊಂಡೇ ಹಿಂದಿನ ಜಗಲಿಗೆ ಬಂದರು. ತುಂಡು ಮುರಿದು ಬಾಯಿಗಿಡುತ್ತ, "ಎಂತ ಹಾಕಿದ್ದೀಯೇ ಇದಕ್ಕೆ? ಇಷ್ಟು ಹಗುರ ಉಂಟಲ್ಲ!" ಎಂದರು.

"ಮೊಸರು. ಸ್ವಲ್ಪ ಸೋಡಾ," ಎಂದೆ.

ಗೋಡೆಯಾಚೆ ಜುಲೇಖಾ ಬಟ್ಟೆ ಒಣಗಿಸುತ್ತಿದ್ದಳು. ತಲೆಯೆತ್ತಿ ನಕ್ಕಳು. ಆಮೇಲೆ ತಟ್ಟೆಯಲ್ಲಿದ್ದದ್ದು ಅವಳ ಕಣ್ಣಿಗೆ ಬಿತ್ತು. ಆ ಕಪ್ಪು ಬಣ್ಣ, ಆ ಕರಗಿದ ಚೂರು — ತನ್ನ ಕೈಯ ಹಿಟ್ಟು ಅವಳಿಗೆ ಗೊತ್ತಾಗದೆ ಇರುತ್ತದೆಯೇ. ಕೈಯಲ್ಲಿದ್ದ ಬಟ್ಟೆ ಬಿಟ್ಟು ಗೋಡೆಯ ಹತ್ತಿರ ಓಡಿಬಂದಳು.

"ಅಯ್ಯೋ ಅಮ್ಮಾ, ತಿನ್ಬೇಡಿ! ಅದು ನಮ್ಮ ಮಕ್ಕಳಿಗೆ ಅಂತ ಕಲಸಿದ್ದು... ಅದಕ್ಕೆ ಮೊಟ್ಟೆ ಹಾಕಿದೆ ಅಮ್ಮಾ!"

ಅವಳು ಸುಮ್ಮನಿರಬಹುದಿತ್ತು. ಸುಮ್ಮನಿದ್ದಿದ್ದರೆ ಅವಳಿಗೆ ಏನೂ ಆಗುತ್ತಿರಲಿಲ್ಲ. ತನಗೆ ಪರಿಚಯವೇ ಇಲ್ಲದ ಒಬ್ಬ ಹೆಂಗಸಿನ ನೇಮ ಕೆಡಬಾರದೆಂದು ಕೂಗಿದಳು.

ಹುಡುಗನ ತಾಯಿಯ ಕೈಯಿಂದ ತಟ್ಟೆ ಜಾರಿತು. ಬಚ್ಚಲಿಗೆ ಓಡಿ ವಾಂತಿ ಮಾಡತೊಡಗಿದರು. ಸದ್ದಿಗೆ ಒಳಗಿದ್ದವರೆಲ್ಲ ಬಂದರು. ಹುಡುಗನ ತಂದೆ, ಹುಡುಗ, ಅತ್ತೆ, ನಮ್ಮನೆಯವರು. ಎಲ್ಲರ ಹಿಂದೆ, ಮುಖದಲ್ಲಿ ರಕ್ತವಿಲ್ಲದ ಸುಮಾ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಜುಲೇಖಾಳ ಕಡೆ ತಿರುಗಿದೆ. ಆ ಮಾತನ್ನು ಮೊದಲೇ ಯೋಚಿಸಿರಲಿಲ್ಲ. ಆದರೆ ಅದು ಎಷ್ಟು ಸಲೀಸಾಗಿ ಬಂತು —

"ಎರಡಕ್ಕೂ ಮೊಟ್ಟೆ ಹಾಕ್ಲಿಲ್ಲ ಅಂತ ನೀನೇ ಹೇಳಿದ್ದಲ್ವಾ ಜುಲೇಖಾ? ಸಾಲದಿದ್ರೆ ಇದನ್ನೂ ತಗೊಳ್ಳಿ ಅಂತ ನೀನೇ ತಂದಿಟ್ಟದ್ದಲ್ವಾ?"

ಅವಳು ನನ್ನನ್ನು ನೋಡಿದಳು. ಆ ನೋಟವನ್ನು ಹೇಗೆ ಬರೆಯಲಿ? ಸಿಟ್ಟಿರಲಿಲ್ಲ. ನಾನು ಏನು ಹೇಳುತ್ತಿದ್ದೇನೆಂದು ಅರ್ಥವಾಗದವಳ ಹಾಗೆ ಮೊದಲು ನೋಡಿದಳು. ಆಮೇಲೆ ಅವಳ ಕಣ್ಣು ನನ್ನನ್ನು ದಾಟಿ ಸುಮಾಳ ಮೇಲೆ ಹೋಯಿತು. ಅಲ್ಲಿ ನಿಂತಿತು. ಕೊನೆಗೆ ತಲೆ ತಗ್ಗಿಸಿದಳು.

"ಹೌದು," ಎಂದಳು. "ನಂದೇ ತಪ್ಪು. ಹೇಳ್ಲಿಕ್ಕೆ ಮರೆತೆ."

ಸುಮಾಳಿಗಾಗಿ ಹೇಳಿದ ಮಾತದು. ನನಗಾಗಿ ಅಲ್ಲ. ಅಷ್ಟಾದರೂ ನನಗೆ ಅರ್ಥವಾಗುತ್ತದೆ.

ಹುಡುಗನ ತಂದೆ ಕೂಗಾಡಲಿಲ್ಲ. ಬಾಯಿ ಮುಕ್ಕಳಿಸಿ ಬಂದು, "ತಿಳಿಯದೆ ಆದದ್ದಕ್ಕೆ ಪ್ರಾಯಶ್ಚಿತ್ತ ಉಂಟು, ಹೆದರಬೇಡಿ," ಎಂದರು. ನನ್ನ ಕಡೆ ನೋಡಿ, "ಪಾಪ, ನೀವೂ ಮೋಸ ಹೋದಿರಿ," ಎಂದರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ನಿಜವಾಗಿಯೂ ಅಳು ಬಂದಿತ್ತು. ಯಾಕೆ ಬಂತೆಂದು ಅವರು ಅಂದುಕೊಂಡದ್ದೇ ಬೇರೆ.

ಸಂಬಂಧ ಮುರಿಯಲಿಲ್ಲ. ಹುಡುಗ ಸುಮಾಳನ್ನು ಮೆಚ್ಚಿದ್ದ. ಮದುವೆ ನಡೆಯಿತು.

ಇಷ್ಟಕ್ಕೇ ನಿಂತಿದ್ದರೆ ನನ್ನ ಸುಳ್ಳು ಎರಡು ಅಡಿಗೆಮನೆಗಳ ನಡುವಿನದಾಗಿ ಉಳಿಯುತ್ತಿತ್ತು. ನಿಲ್ಲಲಿಲ್ಲ. ನೆಂಟರ ಜೀಪಿನ ಡ್ರೈವರು ಅಂಗಳದಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಹೋಗುವ ದಾರಿಯಲ್ಲಿ ಚಹಾ ಕುಡಿದಲ್ಲಿ ಹೇಳಿದ. ಸಂಜೆಯ ಹೊತ್ತಿಗೆ ಪೇಟೆಗೆ ಬಂತು. ಪೇಟೆಗೆ ಬರುವಾಗ 'ಮರೆತು' ಎನ್ನುವುದು ಹೋಗಿ 'ಬೇಕಂತಲೇ' ಎನ್ನುವುದು ಸೇರಿತ್ತು. ವೈದಿಕರಿಗೆ ಬೇಕಂತಲೇ ಮೊಟ್ಟೆ ತಿನ್ನಿಸಿದಳಂತೆ.

ಮರುದಿನ ಊರಿನ ಕೆಲವರು ನಮ್ಮ ಮನೆಗೆ ಬಂದರು. ಒರಟರಲ್ಲ, ಚಪ್ಪಲಿ ಹೊರಗೆ ಬಿಟ್ಟು, ಬೆಲ್ಲ ನೀರು ಕುಡಿದು, ವಿನಯವಾಗಿಯೇ ಕೂತರು. ಅವರಲ್ಲಿ ಹಿರಿಯರೊಬ್ಬರು ಕೇಳಿದರು: "ಅಮ್ಮ, ನೀವು ಹೇಳಿದ್ರೆ ಮುಗೀತು. ಅದು ಕೈತಪ್ಪಿ ಆದದ್ದಾ, ಬೇಕಂತ ಮಾಡಿದ್ದಾ?"

ಕೈತಪ್ಪಿ ಆದದ್ದು — ಅಷ್ಟೇ ಹೇಳಿದ್ದರೆ ಸಾಕಿತ್ತು. ನನ್ನ ಸುಳ್ಳೂ ಉಳಿಯುತ್ತಿತ್ತು, ಅವಳೂ ಉಳಿಯುತ್ತಿದ್ದಳು. ಆದರೆ ನಾನು ಗಟ್ಟಿಯಾಗಿ ಅವಳ ಪರ ನಿಂತರೆ, ಇವಳಿಗೆ ಹೇಗೆ ಇಷ್ಟು ಖಾತ್ರಿ ಎಂದು ಯಾರಾದರೂ ಕೇಳಿದರೆ, ಎಳೆ ಹಿಡಿದು ಎಳೆದರೆ... ನಮ್ಮನೆಯವರು ನನ್ನ ಮುಖವನ್ನೇ ನೋಡುತ್ತಿದ್ದರು.

"ನಂಗೆಂತ ಗೊತ್ತು," ಎಂದೆ. "ಅವಳ ಮನಸ್ಸಲ್ಲಿ ಎಂತ ಇತ್ತೋ."

ಮೊದಲ ಸುಳ್ಳು ಹೆದರಿಕೆಯಲ್ಲಿ ಬಂದದ್ದು. ಇದು ಹಾಗಲ್ಲ. ಇದನ್ನು ಹೇಳುವ ಮುಂಚೆ ಯೋಚಿಸಿದ್ದೆ.

ಆಮೇಲಿನದನ್ನು ಬೇಗ ಬೇಗ ಹೇಳಿಬಿಡುತ್ತೇನೆ. ನಿಧಾನವಾಗಿ ಹೇಳುವ ಶಕ್ತಿ ನನಗಿಲ್ಲ. ಕೇಕು ಹೇಳಿದ್ದವರು ಒಬ್ಬೊಬ್ಬರಾಗಿ ಬೇಡವೆಂದರು. ಅಟ್ಟದ ಮೇಲೆ ಬಟ್ಟೆ ಸುತ್ತಿಟ್ಟ ಪಾತ್ರೆಗಳ ವಿಚಾರ ನನಗೆ ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಹಮೀದಣ್ಣನ ಅಂಗಡಿಯ ಶಟರಿಗೆ ಯಾರೋ ಮೊಟ್ಟೆ ಹೊಡೆದು ಹೋದರು. ಬೆಳಿಗ್ಗೆ ಅವರು ಬಕೆಟ್ಟಿನಲ್ಲಿ ನೀರು ತಂದು ಒಬ್ಬರೇ ತೊಳೆಯುತ್ತಿದ್ದದ್ದನ್ನು ತರಕಾರಿಗೆ ಹೋದ ನಾನು ನೋಡಿದೆ. ನೋಡಿ ಬೇರೆ ದಾರಿಯಲ್ಲಿ ಬಂದೆ. ಶಾಲೆ ಶುರುವಾಗುವ ಕಾಲ, ಚಪ್ಪಲಿ ಅಂಗಡಿಗೆ ವರ್ಷದ ವ್ಯಾಪಾರವೆಲ್ಲ ಆಗಲೇ. ಆ ವರ್ಷ ಅವರ ಅಂಗಡಿಯ ಮೆಟ್ಟಿಲು ಹತ್ತಿದವರು ಕಡಿಮೆ. ಮನೆಯ ಯಜಮಾನರು ಬಂದು, ಬೇರೆ ಕಡೆ ನೋಡಿಕೊಳ್ಳಿ, ನನಗೆ ಯಾಕೆ ಊರ ಉಸಾಬರಿ ಎಂದರಂತೆ.

ಅತ್ತೆ ಒಮ್ಮೆ ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳಿದರು: "ಶೈಲಾ, ಆ ಹುಡುಗಿ ಅಂಥೋಳಲ್ಲ. ಅವಳು ಹಾಗೆ ಹೇಳಿದ್ದು ನಿಜವಾ?"

"ನಿಜ ಅತ್ತೆ," ಎಂದೆ.

ಅವರು ಮತ್ತೆ ಕೇಳಲಿಲ್ಲ. ಆದರೆ ಅಂದಿನಿಂದ ನಾನು ಬಡಿಸುವಾಗ ನನ್ನ ಮುಖ ನೋಡುವುದನ್ನು ಬಿಟ್ಟರು. ಸಾಯುವ ತನಕ.

ಜುಲೇಖಾ ಹೊರಟ ದಿನ ಸಾಮಾನಿನ ಲಾರಿ ಬೀದಿಯಲ್ಲಿ ನಿಂತಿತ್ತು. ನಾನು ಕಿಟಕಿಯ ಹಿಂದೆ ನಿಂತಿದ್ದೆ. ಹೊರಗೆ ಹೋಗಿ ಎರಡು ಮಾತಾಡಿದ್ದರೆ — ಏನೆಂದು ಮಾತಾಡುವುದು? ಅವಳು ಹಿತ್ತಿಲ ಕಡೆ ತಿರುಗಿಯೂ ನೋಡದೆ ಲಾರಿಯ ಮುಂದೆ ಮಕ್ಕಳನ್ನು ಹತ್ತಿಸಿ ತಾನೂ ಹತ್ತಿದಳು.

ಅವರು ಎನ್.ಆರ್.ಪುರಕ್ಕೆ ಹೋದರೆಂದು ಗೊತ್ತಾಗಿತ್ತು. ನಾನು ಅಲ್ಲಿಗೆ ಹೋದದ್ದು ಅತ್ತೆ ತೀರಿಕೊಂಡ ಮೇಲೆ. ಅತ್ತೆಯ ಎದುರಿಗೆ ಸುಳ್ಳು ಬಯಲಾಗುವ ಹೆದರಿಕೆ ಹೋದ ಮೇಲೆ, ನನಗೆ ಧೈರ್ಯ ಬಂತು! ಬಸ್ಸಿಳಿದು, ಕೇಳಿ ಕೇಳಿ ಹೋದೆ. ಭದ್ರೆಯ ಹಿನ್ನೀರಿನ ಕಡೆಗೆ ಇಳಿಯುವ ದಾರಿಯಲ್ಲಿ ಚಿಕ್ಕ ಮನೆ. ಹಮೀದಣ್ಣ ಯಾರದೋ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದರು. ಜುಲೇಖಾ ಬಾಗಿಲು ತೆಗೆದಳು. ಸಣ್ಣಗಾಗಿದ್ದಳು. ಕೂತ್ಕೊಳ್ಳಿ ಎಂದು ಚಾಪೆ ಹಾಸಿದಳು, ನೀರು ತಂದಿಟ್ಟಳು. ಅತ್ತೆ ಹೋದದ್ದು ಕೇಳಿ ಕಣ್ಣೊರೆಸಿಕೊಂಡಳು. ಸುಮಾ ಹೇಗಿದ್ದಾಳೆ ಎಂದು ಕೇಳಿದಳು.

ಈಗ ಕೇಕು ಮಾಡುವುದಿಲ್ಲವಾ ಎಂದು ಕೇಳಿದೆ, ಮೂರ್ಖಳ ಹಾಗೆ.

"ಇಲ್ಲ," ಎಂದಳು. "ಯಾರಿಗಾದ್ರೂ ಎಂತಾದ್ರೂ ತಿನ್ಲಿಕ್ಕೆ ಕೊಡೋಕೆ ಹೆದರಿಕೆ ಆಗ್ತದೆ. ನೆರೆಮನೆ ಮಗುವಿಗೆ ಬಿಸ್ಕತ್ತು ಕೊಡ್ಲಿಕ್ಕೂ."

ನಾನು ಅಳಲು ಶುರುಮಾಡಿದೆ. ಜುಲೇಖಾ, ನಾನು ಅವತ್ತು... ಎಂದೆ. ಅವಳು ಕೈ ಎತ್ತಿ ತಡೆದಳು.

"ನಂಗೆ ಹೇಳ್ಬೇಡಿ ಶೈಲಕ್ಕ. ನಂಗೆ ಗೊತ್ತಿಲ್ಲದ್ದು ಅದರಲ್ಲಿ ಎಂತ ಉಂಟು? ಕೊಪ್ಪದಲ್ಲಿ ಹೇಳಿ."

ಅಷ್ಟೇ ಅವಳು ಹೇಳಿದ್ದು. ಬೈಯಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. ಬಸ್‌ಸ್ಟ್ಯಾಂಡಿನ ತನಕ ಬರಲೂ ಇಲ್ಲ.

ನಾನು ಕೊಪ್ಪಕ್ಕೆ ಬಂದೆ. ಹೇಳಲಿಲ್ಲ. ಸುಮಾ ಆಗ ಬಸುರಿ — ಹೆರಿಗೆಯಾಗಲಿ ಎಂದುಕೊಂಡೆ. ಆಮೇಲೆ ಅವಳ ಮಾವನವರಿಗೆ ಕಾಯಿಲೆ ಎಂದುಕೊಂಡೆ. ನಮ್ಮನೆಯವರು ರಿಟೈರ್ ಆಗಲಿ ಎಂದುಕೊಂಡೆ. ಪ್ರತಿ ಸಲವೂ ಒಂದಲ್ಲ ಒಂದು ಇರುತ್ತಿತ್ತು. ಮತ್ತೊಮ್ಮೆ ಎನ್.ಆರ್.ಪುರಕ್ಕೆ ಹೋದಾಗ ಆ ಮನೆಯಲ್ಲಿ ಬೇರೆಯವರಿದ್ದರು. ಜುಲೇಖಾಳ ಮನೆಯವರು ಘಟ್ಟದ ಕೆಳಗೆ, ಮಂಗಳೂರಿನ ಕಡೆಗೆ ಹೋದರೆಂದರು. ಎಲ್ಲಿಗೆಂದು ಅವರಿಗೂ ಗೊತ್ತಿರಲಿಲ್ಲ.

ಕೊನೆಗೆ ಹೇಳಿದೆ. ಹೇಳಿದ್ದು ಈಚೆಗೆ, ಕೊಪ್ಪದಲ್ಲೇ, ನಮ್ಮ ಭಜನೆಯ ಹೆಂಗಸರೆಲ್ಲ ಸೇರಿದ್ದ ದಿನ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಮನೆಯಲ್ಲೇ ಮಾಡಿದ ಕೇಕು ತಂದಿದ್ದಳು. ನನ್ನ ಪಕ್ಕದಲ್ಲಿದ್ದ ವಿಶಾಲಾಕ್ಷಮ್ಮ ಅವಳಿಗೆ ಬುದ್ಧಿ ಹೇಳುವ ಹಾಗೆ, "ನೀನೇ ಮಾಡಿದ್ದು ಅಂದ್ರೆ ಸರಿ ಮಾರಾಯ್ತಿ. ಹೊರಗಿನವರು ಕೊಟ್ಟದ್ದು ತಿನ್ಬೇಕಾದ್ರೆ ನೂರು ಸಲ ಯೋಚನೆ ಮಾಡ್ಬೇಕು. ಇಲ್ಲೇ ಒಬ್ಬಳು ಇದ್ಲು —" ಎಂದು ಆ ಕತೆ ಶುರುಮಾಡಿದರು. ಕತೆ ಎಷ್ಟು ಬೆಳೆದಿತ್ತು! ಜುಲೇಖಾ ಗೋಡೆಯಾಚೆ ನಿಂತು ಚಪ್ಪಾಳೆ ತಟ್ಟಿ ನಕ್ಕಳಂತೆ. ಕೂಗಿ ಎಚ್ಚರಿಸಿದವಳು, ಊರಿನ ಬಾಯಲ್ಲಿ ನಕ್ಕವಳಾಗಿದ್ದಳು.

"ಅವಳು ಮಾಡಿದ್ದಲ್ಲ," ಎಂದೆ. "ನಾನು ಮಾಡಿದ್ದು. ಅದಕ್ಕೆ ಮೊಟ್ಟೆ ಹಾಕಿದೆ ಅಂತ ಅವಳು ಎರಡು ಸಲ ಹೇಳಿದ್ಲು. ನಾನು ಗೊತ್ತಿದ್ದೇ ಬಡಿಸಿದ್ದು. ಮೊಟ್ಟೆ ಇಲ್ಲ ಅಂತ ಹೇಳಿದ್ಲು ಅಂದದ್ದೂ ಸುಳ್ಳು. ಎಲ್ಲಾ ನಂದೇ."

ಇನ್ನು ಬೈಯುತ್ತಾರೆ, ಎದ್ದು ಹೋಗುತ್ತಾರೆ ಎಂದು ಕಾದೆ. ಅದಕ್ಕೆ ತಯಾರಾಗಿಯೇ ಹೇಳಿದ್ದೆ. ವಿಶಾಲಾಕ್ಷಮ್ಮ ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ನೋಡಿ," ಎಂದು ಉಳಿದವರ ಕಡೆ ತಿರುಗಿದರು, "ಅಷ್ಟು ಮಾಡಿದವಳ ತಪ್ಪನ್ನೂ ತನ್ನ ಮೇಲೆ ಹಾಕ್ಕೊಳ್ತಾರೆ. ಎಂಥ ದೊಡ್ಡ ಮನಸ್ಸು ಶೈಲಾ ನಿಮ್ದು!"

ಅಲ್ಲ, ನಿಜ, ದೇವರಾಣೆ ಎಂದೆ. ಹೇಳಿದಷ್ಟೂ ಅವರ ಮುಖದಲ್ಲಿ ಮರುಕ ಹೆಚ್ಚಿತು. ಯಾರೋ ನೀರು ತಂದುಕೊಟ್ಟರು. ಮನೆಗೆ ಬಂದು ನಮ್ಮನೆಯವರಿಗೆ ಹೇಳಿದೆ. "ವಯಸ್ಸಾಯ್ತಲ್ಲ, ಹಳೇದೆಲ್ಲ ಕಲಸಿ ಹೋಗ್ತದೆ. ಮಲಕ್ಕೋ," ಎಂದರು. ಅವರು ನಂಬಿದರೋ, ನಂಬಲು ಹೆದರಿದರೋ. ಸುಮಾಳಿಗೆ ಫೋನು ಮಾಡಿದೆ. "ಅತ್ತಿಗೆ, ನಮ್ಮನೇಲಿ ಯಾರಿಗೂ ಇದನ್ನ ಹೇಳ್ಬೇಡಿ. ಕೈ ಮುಗಿತೀನಿ," ಎಂದು ಫೋನು ಇಟ್ಟಳು. ನಂಬಿದವಳು ಅವಳೊಬ್ಬಳೇ.

ಈಗ ಊರಿನಲ್ಲಿ ಆ ಕತೆಗೆ ಒಂದು ಬಾಲ ಸೇರಿದೆ. ಅಷ್ಟೆಲ್ಲ ಆದರೂ ಶೈಲಮ್ಮ ಆ ಹೆಂಗಸನ್ನು ಒಂದು ಮಾತೂ ಆಡುವುದಿಲ್ಲವಂತೆ, ತಾನೇ ಮಾಡಿದ್ದು ಎನ್ನುತ್ತಾರಂತೆ. ಜುಲೇಖಾ ಇನ್ನಷ್ಟು ಕೆಟ್ಟವಳಾದಳು; ನಾನು ಇನ್ನಷ್ಟು ಒಳ್ಳೆಯವಳಾದೆ. ಅವಳು ಕೇಳಿದ್ದನ್ನು ನಾನು ಮಾಡಿದ್ದೇನೆ — ಕೊಪ್ಪದಲ್ಲಿ ಹೇಳಿದ್ದೇನೆ — ಆದರೆ ಅವಳೆಲ್ಲಾದರೂ ಸಿಕ್ಕಿದರೆ ಯಾವ ಮುಖದಿಂದ ಅದನ್ನು ಹೇಳಲಿ?

ಮೊನ್ನೆ ಆ ಹೊಸ ಹುಡುಗಿ ದಾರಿಯಲ್ಲಿ ಸಿಕ್ಕಿ, "ಆಂಟಿ, ನಿಮ್ಮ ಹಾಗೆ ಕ್ಷಮಿಸಲಿಕ್ಕೆ ನಂಗಂತೂ ಆಗೋದಿಲ್ಲ," ಎಂದಳು. ಪೇಟೆಯ ನಡುವೆ ನಿಂತು, ಮೊದಲಿಂದ, ಮತ್ತೆ ಹೇಳಿದೆ. ಯಾವ ಪಾತ್ರೆ ಯಾವುದೆಂದು ನನಗೆ ಗೊತ್ತಿತ್ತು ಎಂದೆ. ಅವಳು ಗೌರವದಿಂದ ಕೊನೆಯ ತನಕ ಕೇಳಿಸಿಕೊಂಡಳು. ಆಮೇಲೆ ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು.